ಕನ್ನಡ ಬಾರದ ಕಿವಿಗೆ ಕನ್ನಡ

ಪ್ರಿಯ ಗೆಳೆಯ,

ನಿನ್ನ ನಾಟಕದ ಎರಡನೆಯ ದೃಶ್ಯ ಓದಿದೆ. ಬಿಹಾರದಿಂದ ಬಂದ ಹುಡುಗ ಮೆಜೆಸ್ಟಿಕ್‌ನಲ್ಲಿ ಇಳಿದು ನಿಂತಿದ್ದಾನೆ. ಸುತ್ತಲಿನ ಮಾತು ಅವನಿಗೆ ಹೇಗೆ ಕೇಳುತ್ತದೋ ಪ್ರೇಕ್ಷಕರಿಗೂ ಹಾಗೇ ಕೇಳಬೇಕು ಅಂತ ಬರೆದಿದ್ದೀಯ. ಆದರೆ ಅಲ್ಲಿ ನೀನು ಹಾಕಿರುವ ‘ಗುಡುಗುಡು ಬಡಬಡ’ ಕೆಲಸಕ್ಕೆ ಬಾರದು. ಅರ್ಥವಾಗದ ಭಾಷೆ ಬರೀ ಗದ್ದಲವಾಗಿ ಕೇಳುವುದಿಲ್ಲ. ಅದರ ತಾಳ, ರಾಗ, ಒತ್ತು ಎಲ್ಲವೂ ಕೇಳುತ್ತವೆ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವುದು ಮಾತ್ರ ತಿಳಿಯುವುದಿಲ್ಲ. ಗೊತ್ತಿಲ್ಲದ ಭಾಷೆಯವರೆಲ್ಲ ಬಹಳ ಬೇಗ ಮಾತಾಡುತ್ತಾರೆ ಅನ್ನಿಸುವುದಕ್ಕೆ ಒಂದು ಕಾರಣ ಇದೇ.

ಮೊದಲು ಆ ತಾಳವನ್ನು ನೀನೇ ಕೇಳು. ಇಬ್ಬರು ಮಾತಾಡುವ ಅರ್ಧ ನಿಮಿಷದ ರೆಕಾರ್ಡಿಂಗ್ ತಗೊಂಡು, ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಲೋ-ಪಾಸ್ ಫಿಲ್ಟರ್ ಹಾಕು; ಅದು ಕೆಳಗಿನ ಸದ್ದನ್ನು ಬಿಟ್ಟು ಮೇಲಿನದನ್ನು ತಡೆಯುತ್ತದೆ. 400 ಹರ್ಟ್ಸ್, ರೋಲ್-ಆಫ್ (ತಡೆ ಎಷ್ಟು ಕಡಿದು ಎನ್ನುವ ಅಳತೆ) 48 ಡೆಸಿಬೆಲ್. ರೋಲ್-ಆಫ್ 6ರಲ್ಲೇ ಬಿಟ್ಟರೆ ವ್ಯಂಜನಗಳು ಸೋರಿ ಬಂದು ಪದಗಳು ಗೊತ್ತಾಗಿಬಿಡುತ್ತವೆ. ಫಿಲ್ಟರ್ ಆದಮೇಲೆ ಸದ್ದು ಇಳಿಯುತ್ತದೆ, ಆಂಪ್ಲಿಫೈ ಮಾಡಿಕೋ. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡ, ಆ ಕೆಳಗಿನ ಸ್ವರಗಳು ಅದರಲ್ಲಿ ಸರಿಯಾಗಿ ಬರುವುದೇ ಇಲ್ಲ, ಹೆಡ್‌ಫೋನ್ ಬೇಕು. ಗೋಡೆಯ ಆಚೆ ಯಾರೋ ಮಾತಾಡಿದ ಹಾಗೆ ಕೇಳುತ್ತದೆ. ಪದ ಒಂದೂ ಸಿಗುವುದಿಲ್ಲ, ಆದರೂ ಪ್ರಶ್ನೆ ಯಾವುದು, ಗದರಿಕೆ ಯಾವುದು ಎಂದು ಹೇಳಬಲ್ಲೆ. 1998ರಲ್ಲಿ ಫ್ರಾನ್ಸಿನ ಸಂಶೋಧಕರು ಹೀಗೇ 400 ಹರ್ಟ್ಸ್‌ಗೆ ಸೋಸಿದ ಮಾತನ್ನು ಹುಟ್ಟಿ ಕೆಲವೇ ದಿನಗಳಾದ ಶಿಶುಗಳಿಗೆ ಕೇಳಿಸಿದರು. ಇಂಗ್ಲಿಷ್ ಬೇರೆ, ಜಪಾನಿ ಬೇರೆ ಎಂದು ಶಿಶುಗಳು ಗುರುತಿಸಿದವು. ತಾಳ ಒಂದೇ ತರದ ಇಂಗ್ಲಿಷ್ ಮತ್ತು ಡಚ್ ನಡುವೆ ಮಾತ್ರ ಅವಕ್ಕೆ ವ್ಯತ್ಯಾಸ ಸಿಗಲಿಲ್ಲ.

ಈಗ ಸುಳ್ಳು ಕನ್ನಡ, ಅಂದರೆ ಕನ್ನಡದ ಹಾಗೇ ಕೇಳುವ ಆದರೆ ಅರ್ಥವಿಲ್ಲದ ಮಾತು, ಕಟ್ಟುವುದು. ಪುಸ್ತಕದ ವಾಕ್ಯದಿಂದ ಶುರುಮಾಡಬೇಡ, ಆಡುಮಾತಿನಿಂದ ಮಾಡು. ‘ಕರೆದುಕೊಂಡು ಬರುತ್ತೇನೆ’ ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರೂ ಹೇಳುವುದಿಲ್ಲ. ‘ಬೆಳಗ್ಗೆ ಊರ್ಗೋಗಿ ಅಕ್ಕನ್ನ ಕರ್ಕೊಂಡ್ ಬರ್ತೀನಿ’ ಎನ್ನುತ್ತಾರೆ. ಇದರಲ್ಲಿ ಸ್ವರಗಳನ್ನು, ಒತ್ತಕ್ಷರದ ಜಾಗಗಳನ್ನು ಮುಟ್ಟಬೇಡ. ವ್ಯಂಜನಗಳನ್ನು ಮಾತ್ರ ಅದೇ ಜಾತಿಯೊಳಗೆ ತಿರುಗಿಸು: ಕ ಇದ್ದಲ್ಲಿ ತ, ತ ಇದ್ದಲ್ಲಿ ಪ, ಪ ಇದ್ದಲ್ಲಿ ಕ, ಹಾಗೇ ಗ-ದ-ಬ ಒಂದು ಸುತ್ತು, ನ ಮತ್ತು ಮ ಅದಲುಬದಲು. ರ, ಲ, ಳ, ಟ, ಡ ಇದ್ದಲ್ಲೇ ಇರಲಿ. ‘ಊರ್ಗೋಗಿ’ಯಲ್ಲಿ ಹ ಈಗಾಗಲೇ ಬಿದ್ದುಹೋಗಿದೆ, ಅದನ್ನು ವಾಪಸ್ ತರಬೇಡ. ಸಿಗುವುದು ಇದು:

ಗೆಳದ್ದೆ ಊರ್ದೋದಿ ಅತ್ತಮ್ಮ ತರ್ತೊಂಡ್ ಗರ್ಪೀಮಿ.

ಜೋರಾಗಿ ಓದಿದರೆ ತೊಂದರೆ ತಿಳಿಯುತ್ತದೆ. ‘ಊರ್’ ಉಳಿದಿದೆ. ‘ಅಕ್ಕನ್ನ’ ಹೋಗಿ ಅತ್ತೆಯೂ ಅಮ್ಮನೂ ಬಂದಿದ್ದಾರೆ. ‘ತರ್ತ’ ಕೇಳಿದರೆ ಏನೋ ತರುತ್ತಿದ್ದಾರೆ ಅನ್ನಿಸುತ್ತದೆ. ಇಂಥ ಒಂದು ಪದ ಸಿಕ್ಕರೂ ಕನ್ನಡದ ಕಿವಿ ಅದನ್ನು ಹಿಡಿದು ಇಡೀ ವಾಕ್ಯಕ್ಕೆ ಅರ್ಥ ಹುಡುಕಲು ಹೊರಡುತ್ತದೆ. ಆದ್ದರಿಂದ ಪ್ರತಿ ಸಾಲನ್ನೂ ಸೋಸಿ, ಸಿಕ್ಕಿಬಿದ್ದ ಕಡೆ ಮಾತ್ರ ನಿಯಮ ಮುರಿದು ಇನ್ನೊಂದು ಅಕ್ಷರ, ಬೇಕಾದರೆ ಸ್ವರವನ್ನೂ, ಬದಲಿಸು:

ಗೆಳದ್ದೆ ಊಲ್ದೋಬಿ ಒತ್ತಿಮ್ಮ ಪರ್ತೊಂಡ್ ಗರ್ಪೀಮಿ.

ಪ್ರತ್ಯಯಗಳನ್ನು ಹಾಗೇ ಉಳಿಸಿಕೊಳ್ಳುವ ಆಸೆ ಬರುತ್ತದೆ, ಬೇಡ. ‘ಮೊಳ್ಳ ಕಿತ್ತುಡೇನ ಬೊಗ್ಗಿದ’ ಅಂದರೆ ಯಾರೋ ಯಾವುದನ್ನೋ ಏನೋ ಮಾಡಿದ ಎಂದು ಪ್ರೇಕ್ಷಕರಿಗೆ ಅರ್ಧ ಅರ್ಥವಾಗಿಯೇ ಹೋಯಿತು. ಆ ಹುಡುಗನಿಗೆ ಅಷ್ಟೂ ಆಗುವುದಿಲ್ಲ. ಮಹಾಪ್ರಾಣಗಳನ್ನು ತುರುಕಿದರೆ ಅದು ಮಂತ್ರದ ಹಾಗೆ ಕೇಳುತ್ತದೆ. ಒತ್ತಕ್ಷರ ಕಡಿಮೆ ಮಾಡಿದರೆ ಕನ್ನಡದ ಗುರುತೇ ಹೋಗುತ್ತದೆ. ‘ಕತೆ’ಯ ತಕಾರಕ್ಕಿಂತ ‘ಕತ್ತೆ’ಯ ತಕಾರದಲ್ಲಿ ನಾಲಿಗೆ ಸುಮಾರು ಎರಡು ಪಟ್ಟು ಹೊತ್ತು ನಿಲ್ಲುತ್ತದೆ. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಎಂದು ಉತ್ತರದವರು ದಕ್ಷಿಣದ ಭಾಷೆಗಳನ್ನು ಹೀಗಳೆಯುವಾಗ ಅವರ ಕಿವಿಗೆ ಬಡಿದಿರುವುದು ಹೀಗೆ ಕಟ್ಟಿ ಬಿಡುವ ದ್ವಿತ್ವಗಳು, ಅವುಗಳ ಜೊತೆಗೆ ಟ-ಡ-ಳಗಳು. ಆ ಮಾತು ನನಗೆ ನೋವು ಕೊಡುತ್ತದೆ, ಆದರೆ ಅದರಲ್ಲಿ ಕಿವಿಯ ಸಾಕ್ಷ್ಯವೂ ಇದೆ.

ಇನ್ನು ಆ ಹುಡುಗನ ಕಿವಿ. ಕೇಳುವವನು ತನ್ನ ಭಾಷೆಯ ಜರಡಿಯಲ್ಲೇ ಕೇಳುತ್ತಾನೆ. ಇಂಗ್ಲಿಷಿನ ‘ಟಿಕೆಟ್’ನಲ್ಲಿರುವುದು ನಮ್ಮ ತ ಅಲ್ಲ, ಟ ಕೂಡ ಅಲ್ಲ, ಎರಡರ ನಡುವಿನದು; ನಮ್ಮ ಜರಡಿಯಲ್ಲಿ ಅದು ಟ ಆಗಿ ಬಿತ್ತು. ಹಿಂದಿಯಲ್ಲಿ ತ-ಟ ಭೇದವಿದೆ, ದ್ವಿತ್ವವೂ ಇದೆ, ಅವು ಅವನಿಗೆ ಸರಿಯಾಗಿ ಕೇಳುತ್ತವೆ. ಆದರೆ ಳ ಇಲ್ಲ. ಎ-ಏ, ಒ-ಓ ಎಂಬ ಭೇದವೂ ಇಲ್ಲ. ‘ಕೊಡು’ ಮತ್ತು ‘ಕೋಡು’ ಅವನಿಗೆ ಒಂದೇ. ಹಾಗಾಗಿ ಕೊನೆಯ ಸುತ್ತಿನಲ್ಲಿ ಳ ಎಲ್ಲ ಲ ಆಗಲಿ, ಎ ಮತ್ತು ಒ ದೀರ್ಘವಾಗಲಿ:

ಗೇಲದ್ದೇ ಊಲ್ದೋಬಿ ಓತ್ತಿಮ್ಮ ಪರ್ತೋಂಡ್ ಗರ್ಪೀಮಿ.

ನಡುನಡುವೆ ಅವನಿಗೆ ಗೊತ್ತಿರುವ ಪದಗಳು ತೇಲಿ ಬರಲಿ: ಬಸ್ಸು, ಪ್ಲಾಟ್‌ಫಾರ್ಮ್, ನಂಬರ್, ಸಮಯ. ಎರಡು ಮೂರು ಸಾಲಿಗೆ ಒಂದು ಸಾಕು. ‘ಅವಸರ’ ಒಂದು ಕಡೆ ಬರಲೇಬೇಕು. ಕಂಡಕ್ಟರ್ ಹೇಳುವುದು ಆತುರ ಬೇಡ ಎಂದು. ಹಿಂದಿಯಲ್ಲಿ ಅದೇ ಪದಕ್ಕೆ ಅವಕಾಶ ಎಂದರ್ಥ. ಕೆಲಸ ಹುಡುಕಿ ಬಂದ ಹುಡುಗನಿಗೆ ಆ ಪದ ಹೇಗೆ ಕೇಳಬಹುದು ಯೋಚಿಸು.

ಇದಕ್ಕೆ ಹಳೆಯ ಮೇಲ್ಪಂಕ್ತಿಯೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ಎಂಬ ಜೊಂಡಿನ ಹಾಳೆಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ, ಕ್ರಿ.ಶ. 2ನೆಯ ಶತಮಾನದ್ದು. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹೆಣ್ಣೊಬ್ಬಳನ್ನು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕತೆ. ರಾಜನ ಕಡೆಯವರ ಮಾತು ಗ್ರೀಕ್ ಲಿಪಿಯಲ್ಲಿದೆ, ಭಾಷೆ ಮಾತ್ರ ಗ್ರೀಕ್ ಅಲ್ಲ. ‘ಬೆರೆ ಕೊಂಜೆಯ್ ದಮುನ್ ಪೆತ್ರೆಕಿಯೊ’ ಎಂಬಂಥ ಸಾಲುಗಳು. 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಇದನ್ನು ಕನ್ನಡ ಎಂದು ಓದಿದರು: ಬೇರೆ, ಕೊಂಚ, ಮಧು, ಪಾತ್ರಕ್ಕೆ. 1926ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಬಾರ್ನೆಟ್ ಅಲ್ಲಗಳೆದರು. ತುಳು ಎಂದವರೂ ಇದ್ದಾರೆ. ಕನ್ನಡವೆಂದು ಖಚಿತವಾಗಿದ್ದರೆ ಇದು ಹಲ್ಮಿಡಿ ಶಾಸನಕ್ಕಿಂತ ಹಳೆಯದು. ನನಗೆ ಆ ಓದು ಪೂರ್ತಿ ಒಪ್ಪಿಗೆಯಾಗಿಲ್ಲ. ಅಕ್ಷರಗಳನ್ನು ತುಂಬಾ ಎಳೆದಾಡಬೇಕಾಗುತ್ತದೆ. ಆದರೆ ಗ್ರೀಕ್ ಲಿಪಿಯಲ್ಲಿ ಚ ಇಲ್ಲ, ಟ-ಳಗಳೂ ಇಲ್ಲ. ನಮ್ಮ ಮಾತನ್ನೇ ಬರೆದುಕೊಂಡಿದ್ದರೂ ಹೀಗೇ ಕಾಣುತ್ತಿತ್ತು. ಆ ನಾಟಕ ಪರಭಾಷೆಯನ್ನು ನಗೆಗೆ ಬಳಸಿತು. ನಿನ್ನ ದೃಶ್ಯದಲ್ಲಿ ಯಾರ ಭಾಷೆಯೂ ನಗೆಪಾಟಲಾಗದಿರಲಿ.

ತಾಲೀಮಿನಲ್ಲಿ ಒಂದು ಎಚ್ಚರಿಕೆ. ನಟರು ಸುಳ್ಳು ಪದಗಳನ್ನು ಪಟ್ಟಿಯ ಹಾಗೆ ಒಂದೊಂದಾಗಿ ಬಿಡಿಸಿ ಓದುತ್ತಾರೆ, ಆಗ ಎಲ್ಲ ಕೆಟ್ಟಿತು. ಮೊದಲು ನಿಜವಾದ ಸಾಲನ್ನು ಹತ್ತು ಸಲ ಆಡಿಸು, ಆಮೇಲೆ ಅದೇ ಉಸಿರಿನಲ್ಲಿ ಸುಳ್ಳು ಸಾಲು. ಎರಡನ್ನೂ ರೆಕಾರ್ಡ್ ಮಾಡಿ 400 ಹರ್ಟ್ಸ್‌ಗೆ ಸೋಸು. ಸೋಸಿದ ಮೇಲೆ ಯಾವುದು ನಿಜ, ಯಾವುದು ಸುಳ್ಳು ಎಂದು ನಿನಗೇ ಗೊತ್ತಾದರೆ ಇನ್ನೊಂದು ವಾರ ತಾಲೀಮು ಬೇಕು. ಗೊತ್ತಾಗದಿದ್ದರೆ ಆ ರೆಕಾರ್ಡಿಂಗ್ ನನಗೂ ಕಳಿಸು.

ಇಂತಿ ನಿನ್ನ ಗೆಳೆಯ