ಏರ್ ಲಾಕರ್ ಆಯಿಲ್ ಸೋರಿದರೆ ಡಿಫರೆನ್ಷಿಯಲ್ ಬಿಚ್ಚುವ ಮೊದಲು ಬ್ರೀದರ್ ನೋಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯುತ್ತಿದ್ದಂತೆ ಉಡುಪಿ, ಕಾರ್ಕಳ, ಬೆಳ್ತಂಗಡಿ ಕಡೆಯ ಗ್ಯಾರೇಜುಗಳಿಗೆ ಒಂದೇ ದೂರು ಹೊತ್ತು ಜೀಪು, ಜಿಪ್ಸಿ, ಥಾರ್‌ಗಳು ಬರತೊಡಗುತ್ತವೆ. ಏರ್ ಲಾಕರ್ (ಗಾಳಿಯ ಒತ್ತಡದಿಂದ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಹಿಡಿಯುವ ಸಾಧನ) ಹಾಕಿಸಿದ ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಜೋಡಣೆ) ಸೋರುತ್ತಿದೆ, ಇಲ್ಲವೇ ಲಾಕ್ ಬಿಟ್ಟ ಕೂಡಲೇ ಬಾನೆಟ್ ಒಳಗಿನ ಸೊಲೆನಾಯ್ಡ್ ವಾಲ್ವ್ (ಲಾಕರ್‌ಗೆ ಗಾಳಿ ಬಿಡುವ, ತಡೆಯುವ ವಿದ್ಯುತ್ ವಾಲ್ವ್) ಗೇರ್ ಆಯಿಲ್ ಉಗುಳುತ್ತಿದೆ. ಹೆಚ್ಚಿನ ಕಡೆ ಸಿಗುವ ಉತ್ತರವೂ ಒಂದೇ: ಸೀಲ್ ಹೋಗಿದೆ, ಡಿಫರೆನ್ಷಿಯಲ್ ಇಳಿಸಬೇಕು. ಇಳಿಸುತ್ತಾರೆ, ಸೀಲ್ ಬದಲಿಸುತ್ತಾರೆ, ಬಿಲ್ ಆಗುತ್ತದೆ. ಗಾಡಿ ಇನ್ನೊಮ್ಮೆ ಘಾಟಿ ಹತ್ತಿ ಇಳಿಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಆಯಿಲ್. ಹೊಸ ಸೀಲಿನದ್ದೇನೂ ತಪ್ಪಿರುವುದಿಲ್ಲ. ಆಯಿಲನ್ನು ಹೊರಗೆ ತಳ್ಳುತ್ತಿರುವ ಒತ್ತಡ ಎಲ್ಲಿಂದ ಬಂತೆಂದು ಯಾರೂ ನೋಡಿರುವುದಿಲ್ಲ, ಅಷ್ಟೇ.

ಈ ಲಾಕರ್ ಕೆಲಸ ಮಾಡುವ ಬಗೆಯಲ್ಲೇ ಸೋರಿಕೆಯ ಕಾರಣವೂ ಇದೆ. ಸ್ವಿಚ್ ಒತ್ತಿದಾಗ ಕಂಪ್ರೆಸರ್‌ನ ಗಾಳಿ, ಮಾದರಿಗೆ ತಕ್ಕಂತೆ ಸುಮಾರು 85ರಿಂದ 150 ಪಿಎಸ್‌ಐ ಒತ್ತಡದಲ್ಲಿ, ಸೊಲೆನಾಯ್ಡ್ ದಾಟಿ 5 ಅಥವಾ 6 ಮಿ.ಮೀ. ನೈಲಾನ್ ಪೈಪಿನಲ್ಲಿ ಆಕ್ಸಲ್ ಹೌಸಿಂಗ್ ತನಕ ಬರುತ್ತದೆ. ಅಲ್ಲಿಂದ ಒಳಕ್ಕೆ ಸಣ್ಣ ತಾಮ್ರದ ಪೈಪ್, ಅದರ ತುದಿಯಲ್ಲಿ ಉಂಗುರದಾಕಾರದ ಸೀಲ್ ಹೌಸಿಂಗ್. ಇದು ತಿರುಗುವುದಿಲ್ಲ, ಇದರೊಳಗೆ ಡಿಫರೆನ್ಷಿಯಲ್ ಕೇಸಿನ ಜರ್ನಲ್ (ದುಂಡನೆಯ ಕತ್ತಿನ ಭಾಗ) ತಿರುಗುತ್ತಿರುತ್ತದೆ. ಇವೆರಡರ ನಡುವೆ ಗಾಳಿ ಹಿಡಿದಿಡುವುದು ಎರಡು ಓ ರಿಂಗ್ (ರಬ್ಬರ್ ಉಂಗುರ) ಮಾತ್ರ. ಅವುಗಳ ನಡುವಿನಿಂದ ಗಾಳಿ ಜರ್ನಲಿನ ತೂತಿಗೆ ಹೊಕ್ಕು ಪಿಸ್ಟನನ್ನು ತಳ್ಳುತ್ತದೆ, ಚಕ್ರದ ಶಾಫ್ಟ್ ಕೂರುವ ಸೈಡ್ ಗೇರ್ ಕೇಸಿಗೆ ಕಚ್ಚಿಕೊಳ್ಳುತ್ತದೆ, ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಸ್ವಿಚ್ ಆಫ್ ಮಾಡಿದಾಗ ಸ್ಪ್ರಿಂಗ್ ಪಿಸ್ಟನನ್ನು ಹಿಂದಕ್ಕೆ ದೂಡುತ್ತದೆ. ಗಾಳಿ ಬಂದ ದಾರಿಯಲ್ಲೇ ವಾಪಸಾಗಿ ಸೊಲೆನಾಯ್ಡ್‌ನ ಎಕ್ಸಾಸ್ಟ್ ರಂಧ್ರದಿಂದ ಹೊರಬೀಳುತ್ತದೆ.

ಇಲ್ಲೊಂದು ವಿಷಯವನ್ನು ಹಲವರು ಗಮನಿಸುವುದೇ ಇಲ್ಲ. ಲಾಕ್ ಆಫ್ ಇರುವಷ್ಟು ಹೊತ್ತೂ ಆ ಗಾಳಿ ಪೈಪು ಸೊಲೆನಾಯ್ಡ್ ಮೂಲಕ ಹೊರಗಿನ ಗಾಳಿಗೆ ತೆರೆದೇ ಇರುತ್ತದೆ. ಓಡಿ ಬಿಸಿಯಾದ ಆಕ್ಸಲ್ ಒಳಗಿನ ಗಾಳಿ ಹಿಗ್ಗಿ ಬ್ರೀದರ್‌ನಿಂದ (ಆಕ್ಸಲ್ ಮೇಲಿನ ಗಾಳಿಕಿಂಡಿ) ಹೊರಹೋಗಬೇಕು. ಬ್ರೀದರ್ ಕಟ್ಟಿಕೊಂಡಿದ್ದರೆ ಅದು ಬೇರೆ ದಾರಿ ಹುಡುಕುತ್ತದೆ. ಸುಲಭದ ದಾರಿಗಳು ಮೂರು: ಪಿನಿಯನ್ ಸೀಲ್ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆಯದು), ಆಕ್ಸಲ್ ಸೀಲ್ (ಚಕ್ರದ ಕಡೆಯದು), ಮತ್ತು ಓ ರಿಂಗ್ ದಾಟಿ ಗಾಳಿ ಪೈಪು. ಹೀಗೆ ಪೈಪಿಗೆ ನುಸುಳಿದ ಆಯಿಲನ್ನೇ ಮುಂದಿನ ಸಲ ಲಾಕ್ ಬಿಟ್ಟಾಗ ಸೊಲೆನಾಯ್ಡ್ ಉಗುಳುತ್ತದೆ. ಒಂದೆರಡು ಹನಿ, ತೆಳು ಮಂಜಿನಂತೆ ಬಂದರೆ ಹೆದರಬೇಕಿಲ್ಲ. ಒತ್ತಡವಿಲ್ಲದಾಗ ಓ ರಿಂಗ್ ಪಕ್ಕದಿಂದ ಸ್ವಲ್ಪ ನುಸುಳುವುದು ಇದ್ದದ್ದೇ. ಪ್ರತಿ ಸಲವೂ ಧಾರೆಯಾಗಿ ಬಂದರೆ ಅದು ದೋಷ. ಅದನ್ನು ಬಿಟ್ಟರೆ ಪೈಪಿನಲ್ಲಿ ದಪ್ಪ ಆಯಿಲ್ ತುಂಬಿ ಗಾಳಿ ಬೇಗ ಹೊರಹೋಗಲಾರದು, ಸ್ವಿಚ್ ಆಫ್ ಮಾಡಿದ ಮೇಲೂ ಲಾಕ್ ಬಿಡಲು ತಡವಾಗುತ್ತದೆ. ಒದ್ದೆ ಡಾಂಬರು ರಸ್ತೆಯ ತಿರುವಿನಲ್ಲಿ ಲಾಕ್ ಬಿಡದ ಗಾಡಿ ಎಷ್ಟು ಅಪಾಯಕಾರಿ ಎಂದು ಓಡಿಸುವವರಿಗೆ ಗೊತ್ತು.

ಆದ್ದರಿಂದ ಮೊದಲ ಕೆಲಸ ಬ್ರೀದರ್. ನಮ್ಮ ಕೆಂಪು ಮಣ್ಣಿನ ಕೆಸರು ಒಣಗಿದರೆ ಸಿಮೆಂಟಿಗೆ ಸಮ, ಬ್ರೀದರ್‌ನ ಪುಟ್ಟ ಮುಚ್ಚಳ ಅಲುಗಾಡದಂತೆ ಹಿಡಿದುಕೊಳ್ಳುತ್ತದೆ. ಕೆಲವು ತಿಂಗಳು ನಿಂತೇ ಇದ್ದ ಗಾಡಿಯಾದರೆ ಕುಂಬಾರ ಹುಳು ಪೈಪಿನ ತುದಿಯಲ್ಲಿ ಗೂಡು ಕಟ್ಟಿರುವುದೂ ಉಂಟು. ಬ್ರೀದರ್ ಬಿಚ್ಚಿ ಬಾಯಲ್ಲಿ ಊದಿ ನೋಡಬೇಡಿ. ಹೊಸ ರಬ್ಬರ್ ಪೈಪ್ ಸಿಕ್ಕಿಸಿ, ಕಡಿಮೆ ಒತ್ತಡದ ಗಾಳಿ ಬಿಟ್ಟು ಅದು ಹಾದುಹೋಗುತ್ತದೆಯೇ ಎಂದು ಪರೀಕ್ಷಿಸಿ.

ಎರಡನೆಯದು ಆಯಿಲ್ ಮಟ್ಟ. ಸಮತಟ್ಟಾದ ನೆಲದಲ್ಲಿ, ಗಾಡಿ ತಣಿದ ಮೇಲೆ, ಲೆವೆಲ್ ಪ್ಲಗ್ ಬಿಚ್ಚಬೇಕು. ತೂತಿನ ಕೆಳ ಅಂಚಿನ ಸಮಕ್ಕೆ ಆಯಿಲ್ ಇರಬೇಕು. ಹೆಚ್ಚಿದ್ದರೆ ತಾನಾಗಿ ಹರಿದು ನಿಲ್ಲುವವರೆಗೆ ಹತ್ತು ಹದಿನೈದು ನಿಮಿಷ ಬಿಡಿ. ಮ್ಯಾನುಯಲ್‌ನಲ್ಲಿ ಇಷ್ಟು ಲೀಟರ್ ಎಂದಿದೆ ಎಂದು ಅಳೆದು ಸುರಿಯುವುದು ತಪ್ಪು. ಆ ಲೆಕ್ಕ ಕಂಪನಿಯ ಮೂಲ ಡಿಫರೆನ್ಷಿಯಲ್‌ಗೆ ಹಾಕಿದ್ದು, ಲಾಕರ್ ಕೂರಿಸಿದ ಮೇಲೆ ಒಳಗಿನ ಜಾಗ ಬದಲಾಗಿರುತ್ತದೆ. ಗಾಡಿ ಎತ್ತರಿಸಿ ಪಿನಿಯನ್ ಕೋನ ಬದಲಿಸಿದ್ದರೆ ಲೆವೆಲ್ ಪ್ಲಗ್ಗಿನ ಜಾಗವೂ ಮೊದಲಿನ ಅರ್ಥ ಕೊಡುವುದಿಲ್ಲ ಎಂಬುದು ನೆನಪಿರಲಿ.

ಮಟ್ಟ ನೋಡುವಾಗಲೇ ಬೆರಳಿಗೆ ಸ್ವಲ್ಪ ಆಯಿಲ್ ಹಚ್ಚಿ ಬಣ್ಣ ನೋಡಿ. ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಹೊಕ್ಕಿದೆ. ಘಾಟಿ ಏರಿ ಬಿಸಿಯಾದ ಆಕ್ಸಲ್ ಏಕಾಏಕಿ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೋ ಸೀಲಿನ ಅಂಚಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ನೀರು ಸೇರಿದಷ್ಟೂ ಮಟ್ಟ ಏರುತ್ತದೆ, ಏರಿದ ಮಟ್ಟ ಮತ್ತೆ ಸೋರಿಕೆಗೆ ದಾರಿ. ಇಂಥ ಆಯಿಲನ್ನು ಒಂದು ದಿನವೂ ಇಟ್ಟುಕೊಳ್ಳಬಾರದು, ಬೇರಿಂಗ್ ಮತ್ತು ಕ್ರೌನ್ ಪಿನಿಯನ್ (ಮುಖ್ಯ ಗೇರ್ ಜೋಡಿ) ಎರಡೂ ಕೆಡುತ್ತವೆ.

ಬ್ರೀದರ್, ಆಯಿಲ್ ಮಟ್ಟ ಎರಡೂ ಸರಿಯಿದ್ದು ಸೋರಿಕೆ ಮುಂದುವರಿದರೆ ಪರೀಕ್ಷೆಗೆ ಬನ್ನಿ. ಗಾಡಿ ನಿಂತಿರಲಿ, ಆಕ್ಸಲ್ ತಣ್ಣಗಿರಲಿ. ಮೊದಲು ಲಾಕ್ ಆಫ್ ಇಟ್ಟು ಕಂಪ್ರೆಸರ್ ಮಾತ್ರ ಆನ್ ಮಾಡಿ. ಒತ್ತಡ ತುಂಬಿ ನಿಂತದ್ದು ಮತ್ತೆ ಮತ್ತೆ ಓಡುತ್ತಿದ್ದರೆ ಸೋರಿಕೆ ಕಂಪ್ರೆಸರ್‌ನಿಂದ ಸೊಲೆನಾಯ್ಡ್ ತನಕದ ಭಾಗದಲ್ಲಿದೆ. ಆಮೇಲೆ ಲಾಕ್ ಹಾಕಿ. ಕನಿಷ್ಠ ಕಾಲು ಗಂಟೆ ಕಂಪ್ರೆಸರ್ ಮತ್ತೆ ಓಡಬಾರದು. ಓಡಿದರೆ ಸೊಲೆನಾಯ್ಡ್‌ನಿಂದ ಮುಂದೆ ಎಲ್ಲೋ ಗಾಳಿ ಹೋಗುತ್ತಿದೆ. ಎಲ್ಲಿ ಎಂದು ತಿಳಿಯಲು ಬ್ರೀದರ್ ಪೈಪಿನ ತುದಿಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ. ಲಾಕ್ ಆನ್ ಇರುವಾಗ ಗುಳ್ಳೆ ಬಿಡದೆ ಬರುತ್ತಿದ್ದರೆ ಓ ರಿಂಗ್, ಪಿಸ್ಟನ್ ಸೀಲ್, ತಾಮ್ರದ ಪೈಪ್ ಇವುಗಳಲ್ಲಿ ಒಂದು ಒಳಗೇ ಗಾಳಿ ಬಿಡುತ್ತಿದೆ. ಆ ಗಾಳಿ ಆಕ್ಸಲ್ ಒಳಗೆ ಒತ್ತಡ ಏರಿಸಿ ಆಯಿಲನ್ನು ಹೊರಗೆ ತಳ್ಳುತ್ತದೆ. ಗುಳ್ಳೆ ಇಲ್ಲದಿದ್ದರೆ ಡಿಫರೆನ್ಷಿಯಲ್ ಮುಟ್ಟುವ ಅಗತ್ಯವೇ ಇಲ್ಲ, ಸಾಬೂನು ನೀರು ಹಚ್ಚಿ ಹೊರಗಿನ ಒಂದೊಂದೇ ಜಾಯಿಂಟ್ ನೋಡಿ. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದ ನೈಲಾನ್ ಪೈಪಿನ ತುದಿ ಚಪ್ಪಟೆಯಾಗಿರುತ್ತದೆ, ಅದು ಫಿಟಿಂಗಿನಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಮತ್ತೆ ಕೂರಿಸಿದರೆ ಎಷ್ಟೋ ಗಾಡಿಗಳು ಅಲ್ಲಿಗೇ ಸರಿಯಾಗುತ್ತವೆ.

ಗಾಳಿ ಸೋರದೆ ನಿಲ್ಲುತ್ತದೆ, ಆದರೂ ಸೊಲೆನಾಯ್ಡ್‌ನಲ್ಲಿ ಆಯಿಲ್ ಎಂದಾದರೆ ಪೈಪನ್ನು ಸೊಲೆನಾಯ್ಡ್ ಕಡೆಯಿಂದ ಬಿಚ್ಚಿ ಅದರ ತುದಿಯನ್ನು ಪಾರದರ್ಶಕ ಬಾಟಲಿಯೊಳಗೆ ಇಳಿಸಿ ಕಟ್ಟಿ. ಬಾಟಲಿಯ ಬಾಯಿ ಮುಚ್ಚಬಾರದು. ಲಾಕ್ ಬಳಸದೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ. ಬಾಟಲಿಗೆ ಆಯಿಲ್ ಬಂದರೆ ಓ ರಿಂಗ್ ಸವೆದಿದೆ ಎಂದೇ ಲೆಕ್ಕ. ಒಣಗಿದ್ದರೆ ಹಳೆಯ ಆಯಿಲ್ ಪೈಪಿನಲ್ಲಿ ಉಳಿದಿತ್ತು. ಎರಡೂ ತುದಿ ಬಿಚ್ಚಿ, ಡಿಫರೆನ್ಷಿಯಲ್ ಕಡೆಯಿಂದ ಸೊಲೆನಾಯ್ಡ್ ಕಡೆಗೆ ಗಾಳಿ ಹೊಡೆದು ಸ್ವಚ್ಛ ಮಾಡಿದರೆ ಸಾಕು. ಡಿಫರೆನ್ಷಿಯಲ್ ಕಡೆಯ ತುದಿ ಬಿಚ್ಚದೆ ಎದುರು ದಿಕ್ಕಿನಲ್ಲಿ ಹೊಡೆದರೆ ಕಸವೆಲ್ಲ ಒಳಗೆ ಸೇರುತ್ತದೆ. ಮೂಸಿಯೂ ನೋಡಿ: ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ. ವಾಸನೆಯಿಲ್ಲದ ತೆಳು ಎಣ್ಣೆಯಾದರೆ ಅದು ಕಂಪ್ರೆಸರ್ ಕಡೆಯಿಂದ ಬಂದದ್ದಿರಬಹುದು.

ಓ ರಿಂಗ್ ಬದಲಿಸಲೇಬೇಕಾದಾಗ ಆತುರ ಮಾಡಬಾರದು. ಬೇರಿಂಗ್ ಕ್ಯಾಪ್‌ಗಳಿಗೆ ಎಡ, ಬಲ ಗುರುತು ಹಾಕಿ. ಎರಡೂ ಬದಿಯ ಶಿಮ್‌ಗಳನ್ನು (ಅಂತರ ಹೊಂದಿಸುವ ತೆಳು ಬಿಲ್ಲೆ) ಬೇರೆಬೇರೆ ಕಟ್ಟಿಟ್ಟು ದಪ್ಪ ಬರೆದಿಡಿ. ಜರ್ನಲ್ ಮೇಲೆ ಉಗುರು ಆಡಿಸಿ ನೋಡಿ. ಉಗುರು ತಡೆಯುವಂಥ ಗೀರು ಇದ್ದರೆ ಹೊಸ ಓ ರಿಂಗನ್ನೂ ಅದು ಬೇಗ ತಿನ್ನುತ್ತದೆ. ಅಂಗಡಿಯಲ್ಲಿ ಸಿಕ್ಕಿದ ಅದೇ ಅಳತೆಯ ರಿಂಗ್ ಬೇಡ. ಅಳತೆ ಹೊಂದಿದರೂ ರಬ್ಬರಿನ ಜಾತಿ ಬೇರೆ, ಬಿಸಿ ಗೇರ್ ಆಯಿಲಿನಲ್ಲಿ ಊದಿಕೊಳ್ಳಬಹುದು, ಗಟ್ಟಿಯಾಗಲೂಬಹುದು. ಲಾಕರ್ ಕಂಪನಿಯ ಸೀಲ್ ಕಿಟ್ ತರಿಸಿ. ರಿಂಗಿಗೆ ಶುದ್ಧ ಗೇರ್ ಆಯಿಲ್ ಸವರಿ ಕೂರಿಸಬೇಕು, ಗ್ಯಾಸ್ಕೆಟ್ ಗಮ್ ಹಚ್ಚಲೇಬಾರದು. ತಾಮ್ರದ ಪೈಪ್ ಸೀಲ್ ಹೌಸಿಂಗನ್ನು ಒಂದು ಬದಿಗೆ ಎಳೆಯುವಂತೆ ಬಗ್ಗಿರಬಾರದು. ಎಳೆದರೆ ಹೌಸಿಂಗ್ ವಾಲುತ್ತದೆ, ಓ ರಿಂಗ್ ಒಂದೇ ಪಕ್ಕದಲ್ಲಿ ಸವೆಯುತ್ತದೆ. ರಿಪೇರಿ ಮಾಡಿದ ಗಾಡಿ ಕೆಲವೇ ತಿಂಗಳಲ್ಲಿ ವಾಪಸು ಬರುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಪೈಪು ಕ್ರೌನ್ ವೀಲಿಗೆ ತಾಗದಂತೆಯೂ ಇರಬೇಕು. ಹೌಸಿಂಗಿಗೆ ಜೋಡಿಸುವ ಮೊದಲು ಮೇಜಿನ ಮೇಲೆಯೇ ಗಾಳಿ ಕೊಟ್ಟು, ಲಾಕ್ ಹಿಡಿಯುತ್ತದೆಯೇ, ಗಾಳಿ ನಿಲ್ಲುತ್ತದೆಯೇ ಎಂದು ನೋಡಿಕೊಂಡರೆ ಎರಡನೇ ಸಲ ಇಳಿಸುವ ಕೆಲಸ ತಪ್ಪುತ್ತದೆ. ಹೌಸಿಂಗ್ ಫಿಟಿಂಗಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವವರು ತುದಿಯ ಒಂದೆರಡು ಸುತ್ತು ಬಿಟ್ಟು ಸುತ್ತಲಿ, ಟೇಪಿನ ಚೂರು ಗಾಳಿದಾರಿಗೆ ಹೋದರೆ ಸೊಲೆನಾಯ್ಡ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಪಿನಿಯನ್ ಸೀಲ್ ಬಗ್ಗೆ ಒಂದು ಮಾತು. ಯೋಕ್ (ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಭಾಗ) ಮೇಲೆ ಹಳೆಯ ಸೀಲ್ ಕೊರೆದ ಗೆರೆ ಇದ್ದರೆ ಹೊಸ ಸೀಲೂ ಸೋರುತ್ತದೆ. ಕ್ರಶ್ ಸ್ಲೀವ್ (ನಟ್ ಬಿಗಿದಾಗ ಕುಗ್ಗಿ ಕೂರುವ ಕೊಳವೆ) ಇರುವ ಆಕ್ಸಲ್ ಆದರೆ ನಟ್ಟಿನ ಸ್ಥಾನ ಗುರುತು ಹಾಕದೆ ಬಿಚ್ಚಿ, ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿದರೆ ಬೇರಿಂಗ್ ಪ್ರೀಲೋಡ್ (ಬೇರಿಂಗಿಗೆ ಕೊಟ್ಟ ಬಿಗಿ) ಕೆಡುತ್ತದೆ.

ಇದನ್ನು ಪತ್ರಿಕೆಗೆ ಬರೆಯಲು ಕಾರಣವಿದೆ. ಹಿಂದಿನ ಆಕ್ಸಲ್ ಸೀಲ್ ದಾಟಿದ ಆಯಿಲ್ ಬ್ರೇಕ್ ಲೈನರ್ ಮೇಲೆ ಬೀಳುತ್ತದೆ. ಆಗುಂಬೆಯ ಹಿಮ್ಮುರಿ ತಿರುವುಗಳನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಒಂದು ಬದಿಯ ಬ್ರೇಕ್ ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ನಿಲ್ಲಬೇಕು. ಬಿಸಿಯಾದಾಗ ಆಯಿಲ್ ಮತ್ತೆ ಮೇಲೆ ಬರುತ್ತದೆ, ಎರಡೂ ಬದಿಯ ಲೈನರ್ ಬದಲಿಸಲೇಬೇಕು. ರಸ್ತೆಗೆ ಬಿದ್ದ ಆಯಿಲ್ ಮಳೆಯಲ್ಲಿ ಬೈಕ್ ಸವಾರರ ಜೀವಕ್ಕೆ ಕುತ್ತು. ತೆಗೆದ ಹಳೆ ಆಯಿಲನ್ನು ತೋಡಿಗೆ ಸುರಿಯುವುದಂತೂ ಅಕ್ಷಮ್ಯ. ತ್ಯಾಜ್ಯ ನಿರ್ವಹಣೆಯ 2016ರ ಕೇಂದ್ರ ನಿಯಮದಂತೆ ಅದು ಅಪಾಯಕಾರಿ ತ್ಯಾಜ್ಯ, ಅನುಮತಿ ಪಡೆದ ಮರುಬಳಕೆದಾರರಿಗೇ ಕೊಡಬೇಕು. ನಮ್ಮ ತೋಡು, ಬಾವಿ, ಅಡಿಕೆ ತೋಟಗಳೆಲ್ಲ ಒಂದೇ ನೀರಿನ ಸಾಲು.

ಮಳೆಗೆ ಮುನ್ನ ಮಾಲೀಕರು ಮಾಡಿಸಬಹುದಾದ ಅಗ್ಗದ ಕೆಲಸವೆಂದರೆ ಬ್ರೀದರ್ ಎತ್ತರಿಸುವುದು. ಆಕ್ಸಲ್ ಮೇಲಿನ ವಾಲ್ವ್ ತೆಗೆದು ಪೈಪ್ ಕೂರುವ ಫಿಟಿಂಗ್ ಹಾಕಿ, ಆಯಿಲ್ ತಾಳುವ ರಬ್ಬರ್ ಹೋಸನ್ನು ಬಾನೆಟ್ ಒಳಗಿನ ಗೋಡೆಯ ಮೇಲಂಚಿಗೆ ಒಯ್ಯಿರಿ. ತುದಿ ಕೆಳಮುಖವಾಗಿರಲಿ, ಸಣ್ಣ ಫಿಲ್ಟರ್ ಇರಲಿ. ದಾರಿಯಲ್ಲಿ ಜೋತು ಬಿದ್ದು ನೀರು ನಿಲ್ಲುವ ಬಾಗು ಇರಬಾರದು. ಚಕ್ರ ಪೂರ್ತಿ ಕೆಳಗಿಳಿದಾಗ ಎಳೆಯದಷ್ಟು ಸಡಿಲ ಬೇಕು. ಸೈಲೆನ್ಸರ್‌ನಿಂದ ದೂರ ಇಡಿ. ಮಲ್ಪೆ, ಪಣಂಬೂರಿನ ಮರಳಿನಲ್ಲಿ ಓಡಿಸುವವರು ಸೊಲೆನಾಯ್ಡ್‌ನ ವೈರ್ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿದೆಯೇ ಎಂದೂ ನೋಡಲಿ.

ಲಾಕರ್ ಕೂರಿಸುವ ಗ್ಯಾರೇಜುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಗಾಡಿ ಕೊಡುವಾಗ ಬಿಲ್ ಜೊತೆ ಒಂದು ಹಾಳೆಯಲ್ಲಿ ಎಡ ಬಲ ಶಿಮ್ ದಪ್ಪ, ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಅಳತೆ, ಹಾಕಿದ ಆಯಿಲಿನ ದರ್ಜೆ ಮತ್ತು ಸೀಲ್ ಕಿಟ್‌ನ ನಂಬರ್ ಬರೆದು ಕೊಡಿ. ಮಾಲೀಕರು ಅದನ್ನು ಕೇಳಿ ಪಡೆಯಿರಿ.

ಇತಿ,
ಫೋರ್ ವೀಲ್ ಡ್ರೈವ್ ದುರಸ್ತಿ ಮಾಡುವ ಕೆಲವು ಮೆಕ್ಯಾನಿಕರು, ಉಡುಪಿ