ಕಥೆ ಬರೆಯುವವರ ಗಮನಕ್ಕೆ: ಎಲ್ಲವೂ ‘ಅನುಮಾನ’ ಅಲ್ಲ

ಸ್ನೇಹಿತರೇ, ಈ ವಾರ ಬಂದ ಕಥೆಗಳಲ್ಲಿ ಎಲ್ಲ ಪಾತ್ರಗಳೂ ‘ಅನುಮಾನದಿಂದ’ ನೋಡುತ್ತವೆ. ಯಾವ ಬಗೆಯ ಅನುಮಾನವೆಂದು ದಯವಿಟ್ಟು ಯೋಚಿಸಿ ಬರೆಯಿರಿ. ಖರ್ಚಿನ ಲೆಕ್ಕ ಕೆದಕುವ ಅತ್ತೆಯದು ಗುಮಾನಿ. ಅದರಲ್ಲಿ ಎದುರಿನವರ ಮೇಲಿನ ಆರೋಪ ಅಡಗಿದೆ. ಮೊದಲ ಸಲ ವೇದಿಕೆ ಹತ್ತುವ ಹುಡುಗಿಯದು ಅಳುಕು. ಅವಳು ನಂಬದಿರುವುದು ತನ್ನನ್ನೇ. ಕೆಲಸ ಬಿಡಲೋ ಬೇಡವೋ ಎನ್ನುವವನದು ಹೊಯ್ದಾಟ. ಪಾಠ ಅರ್ಥವಾಗದ ವಿದ್ಯಾರ್ಥಿಗೆ ಸಂದೇಹ ಸಾಕು, ಅದರಲ್ಲಿ ಕಹಿಯಿಲ್ಲ. ‘ಶಂಕೆ’ಯನ್ನು ಪತ್ರಿಕೆಗಳು ಅಪರಾಧ ವರದಿಗಳಲ್ಲಿ ಬಳಸಿ ಬಳಸಿ ಅದಕ್ಕೆ ಠಾಣೆಯ ವಾಸನೆ ಅಂಟಿದೆ, ಪ್ರೇಮಕಥೆಯಲ್ಲಿ ನನಗದು ಒಗ್ಗುವುದಿಲ್ಲ.

ಅಂದ ಹಾಗೆ, ತರ್ಕಕ್ಕೆ ಹೆಸರಾದ ಪ್ರಾಚೀನ ಭಾರತೀಯ ತತ್ತ್ವಶಾಸ್ತ್ರ ನ್ಯಾಯದರ್ಶನದಲ್ಲಿ ಅನುಮಾನವೆಂದರೆ ಹೊಗೆ ಕಂಡು ಬೆಂಕಿಯಿದೆಯೆಂದು ತಿಳಿಯುವುದು, ಸಂಶಯಪಡುವುದಲ್ಲ. ಪಂಡಿತರ ಪಾತ್ರ ಬರೆಯುತ್ತಿರುವವರು ಗಮನಿಸಿ. ತಿದ್ದಿದ ಕಥೆಗಳನ್ನು ಭಾನುವಾರ ಸಂಜೆಯೊಳಗೆ ಇಲ್ಲಿಯೇ ಹಾಕಿರಿ.