ಎಡಗೈಗೆ ಜಾಗ ಬಿಟ್ಟವನಿಗೆ

ಅಂತೂ ನಮ್ಮ ಜಾಝ್ ಟ್ರಿಯೊದ, ಅಂದರೆ ಮೂವರ ತಂಡದ, ಮೊದಲ ಆಲ್ಬಮ್ ಬಂತು. ಪಿಯಾನೊ, ಡಬಲ್ ಬೇಸ್, ಡ್ರಮ್ಸ್, ಮೂರೇ ವಾದ್ಯ. ಪಿಯಾನೊ ನನ್ನದು. ಅರ್ಧ ನಮ್ಮದೇ ರಚನೆಗಳು, ಇನ್ನರ್ಧ ಎಲ್ಲರ ಬಾಯಲ್ಲೂ ಇರುವ ಪಾಪ್ ಹಾಡುಗಳು, ನಮ್ಮ ರೀತಿಯಲ್ಲಿ. ಕೇಳಿದವರಿಗೆ, ಇನ್ನು ನಾಲ್ಕು ಜನಕ್ಕೆ ಕೇಳಿಸಿದವರಿಗೆ, "ಇದು ಆ ಹಾಡು ಅಂತ ಅರ್ಧ ಮುಗಿದಮೇಲೆ ಗೊತ್ತಾಯ್ತು ನೋಡಿ" ಅಂತ ಬರೆದವರಿಗೆ, ಎಲ್ಲರಿಗೂ ಥ್ಯಾಂಕ್ಸ್. ಆ ಕೊನೆಯವರು ಬೈದರೋ ಹೊಗಳಿದರೋ ಗೊತ್ತಿಲ್ಲ. ನಾವಂತೂ ಹೊಗಳಿಕೆ ಅಂತಲೇ ತಗೊಂಡಿದ್ದೇವೆ.

ನನ್ನ ಬಲಗೈ ವಿಷಯ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟೇ: ಕೆಲವು ತಿಂಗಳು ಆ ಕೈಯಲ್ಲಿ ನುಡಿಸಲು ಆಗುತ್ತಿರಲಿಲ್ಲ. ಉಳಿದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಈಗ ಕೈ ಚೆನ್ನಾಗಿದೆ. ದಣಿದರೆ ತಾನೇ ಹೇಳುತ್ತದೆ, ನಾನು ನಿಲ್ಲಿಸುತ್ತೇನೆ. ಇಷ್ಟು ಸಾಕು ಅಲ್ವಾ?

ಕವರ್‌ಗಳ (ಬೇರೆಯವರ ಹಾಡುಗಳನ್ನು ನಾವು ನುಡಿಸಿದ್ದು) ಲೈಸೆನ್ಸಿಗೆ ಬೇಕಾದ ಕಾಗದ ಪತ್ರವನ್ನೆಲ್ಲ ತಲೆ ಮೇಲೆ ಹಾಕಿಕೊಂಡ ಗೆಳತಿ, ಬೆರಳುಗಳನ್ನು ಒಂದೊಂದಾಗಿ ಎಬ್ಬಿಸಿದ ಫಿಸಿಯೋಥೆರಪಿಸ್ಟ್, ಡ್ರಮ್ಸ್ ಸದ್ದು ಪಿಯಾನೊ ಮೈಕಿಗೆ ನುಗ್ಗುತ್ತದೆ ಅಂತ ಗೊತ್ತಿದ್ದೂ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ರೆಕಾರ್ಡಿಂಗ್ ಎಂಜಿನಿಯರ್, ನಾನು ಸಿಡುಕಿದಾಗೆಲ್ಲ ಸುಮ್ಮನಿದ್ದ ಮನೆಯವರು, ನಿಮಗೆಲ್ಲ ಒಂದೇ ಸಾಲಿನಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ. ಬೇಜಾರಾಗಬೇಡಿ.

ಪಿಯಾನೊ ಟ್ಯೂನ್ ಮಾಡಿದವರಿಗೆ ಮಾತ್ರ ಎರಡು ಸಾಲು ಜಾಸ್ತಿ. ಕೀಗಳು 88 ಇದ್ದರೂ ಒಳಗೆ ತಂತಿಗಳು ಸುಮಾರು 230. ಬಹುಪಾಲು ಸ್ವರಗಳಿಗೆ ಮೂರು ಮೂರು ತಂತಿ. ಆ ಮೂರರಲ್ಲಿ ಒಂದು ಕೂದಲೆಳೆಯಷ್ಟು ಇಳಿದರೂ ಸ್ವರ ನಡುಗುತ್ತದೆ. ನಾನು ಜೋರಾಗಿ ಬಾರಿಸಿ ಎದ್ದು ಹೋದಾಗೆಲ್ಲ ಅವರು ಬಂದು, ಯಾವುದು ಇಳಿದಿದೆ ಅಂತ ನೋಡಿ, ಸರಿ ಮಾಡಿ, ಒಂದು ಮಾತೂ ಆಡದೆ ಹೋಗಿ ಕೂರುತ್ತಿದ್ದರು. ಕೊನೆಯ ದಿನ ಮಾತ್ರ "ಸ್ವಲ್ಪ ಮೆತ್ತಗೆ ನುಡಿಸಿದ್ರೂ ಕೇಳಿಸುತ್ತೆ" ಅಂದರು. ನೆನಪಿಟ್ಟುಕೊಂಡಿದ್ದೇನೆ.

ನಮ್ಮ ಡ್ರಮ್ಮರ್‌ಗೆ ಒಂದು ಪ್ಯಾರಾ. ಪಾಪ್ ಹಾಡಿನಲ್ಲಿ ಜನಕ್ಕೆ ಮೊದಲು ನೆನಪಾಗುವುದು ಒಂದು-ಎರಡು-ಮೂರು-ನಾಲ್ಕು ಎಣಿಕೆಯ ಎರಡನೇ ಮತ್ತು ನಾಲ್ಕನೇ ಪೆಟ್ಟು. ಅದನ್ನು ಹಾಗೇ ಹೊಡೆದರೆ ಮದುವೆ ಬ್ಯಾಂಡ್ ಆಗಿಬಿಡುತ್ತೇವೆ. ಪೂರ್ತಿ ಬಿಟ್ಟರೆ ಹಾಡೇ ಕೈ ತಪ್ಪುತ್ತದೆ. ಅವನು ಕೋಲಿನ ಬದಲು ಬ್ರಷ್ ಹಿಡಿದು ಆ ಪೆಟ್ಟುಗಳನ್ನು ಹೊಡೆಯದೆಯೇ ಇವೆ ಅನ್ನಿಸುವ ಹಾಗೆ ಮಾಡುತ್ತಾನೆ. ಹೇಗೆ ಅಂತ ಕೇಳಿದರೆ ಅವನಿಗೂ ಹೇಳಲು ಬರುವುದಿಲ್ಲ. ಇದನ್ನು ಅವನು ಓದುವುದೂ ಇಲ್ಲ, ಹಾಗಾಗಿ ಇಷ್ಟು ಸಾಕು.

ಇನ್ನೊಂದು ವಿಚಿತ್ರ ಥ್ಯಾಂಕ್ಸ್ ಇದೆ. "ಜಾಝ್ ಅಂತ ಹೇಳಿ ರೇಡಿಯೊ ಹಾಡು ನುಡಿಸ್ತೀರಲ್ಲ" ಅಂತ ಮುಖದ ಮೇಲೆ ಹೇಳಿದವರಿಗೆ. ಅವತ್ತು ಉತ್ತರ ಕೊಡಲಿಲ್ಲ, ಈಗ ಕೊಡುತ್ತೇನೆ. ಜಾಝ್‌ನವರೆಲ್ಲ ನುಡಿಸುವ, ನಾವು ಸ್ಟ್ಯಾಂಡರ್ಡ್ ಅಂತ ಗೌರವದಿಂದ ಕರೆಯುವ ಹಾಡುಗಳಲ್ಲಿ ಎಷ್ಟೋ ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳಿಂದ, ಸಿನಿಮಾಗಳಿಂದ ಬಂದವು. ಅವತ್ತಿನ ರೇಡಿಯೊ ಹಾಡುಗಳೇ ಅವು. ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್ ತಮ್ಮ ಟ್ರಿಯೊ ಜೊತೆ 1959ರಲ್ಲಿ ರೆಕಾರ್ಡ್ ಮಾಡಿದ ಒಂದು ಹಾಡು 1937ರ ಡಿಸ್ನಿ ಕಾರ್ಟೂನ್ ಸಿನಿಮಾದ್ದು, ಸ್ನೋ ವೈಟ್ ಹಾಡುವುದು. ಇನ್ನೊಬ್ಬ ಪಿಯಾನೊ ವಾದಕ ಅಹ್ಮದ್ ಜಮಾಲ್ ಅವರ ಟ್ರಿಯೊ 1958ರಲ್ಲಿ ಶಿಕಾಗೊದ ಪರ್ಶಿಂಗ್ ಹೋಟೆಲಿನಲ್ಲಿ ನುಡಿಸಿದ್ದು ಆಲ್ಬಮ್ ಆಗಿ, ನೂರಕ್ಕೂ ಹೆಚ್ಚು ವಾರ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಕೂತಿತ್ತು. ಪಿಯಾನೊ ವಾದಕ ಬ್ರಾಡ್ ಮೆಲ್ಡೌ 1998ರ ಆಲ್ಬಮ್‌ನಲ್ಲಿ ರೇಡಿಯೊಹೆಡ್ ಅನ್ನುವ ರಾಕ್ ಬ್ಯಾಂಡಿನ ಹಾಡೊಂದನ್ನು ತಂದರು. ದಿ ಬ್ಯಾಡ್ ಪ್ಲಸ್ ಅನ್ನುವ ಟ್ರಿಯೊ 2003ರಲ್ಲಿ ನಿರ್ವಾಣ ಮತ್ತು ಬ್ಲಾಂಡಿ ಬ್ಯಾಂಡ್‌ಗಳ ಹಾಡುಗಳನ್ನು ತಮ್ಮ ಸ್ವಂತ ರಚನೆಗಳ ಪಕ್ಕದಲ್ಲೇ ಇಟ್ಟರು. ನಾವು ಆ ಸಾಲಿನ ಕೊನೆಯಲ್ಲಿ ನಿಂತವರು, ಅಷ್ಟೇ.

ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅವತ್ತು ನಾವು ನುಡಿಸಿದ ಆ ಪಾಪ್ ಹಾಡು ನಿಜವಾಗಿಯೂ ಚೆನ್ನಾಗಿರಲಿಲ್ಲ. ಪಾಪ್ ಹಾಡಿನಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಬರುತ್ತದೆ. ಹಾಡುವವರಿಗೆ ತೊಂದರೆ ಇಲ್ಲ. ಅವರಿಗೆ ಮಾತಿದೆ, ಉಸಿರಿದೆ, ಸ್ವರವನ್ನು ಎಳೆಯಬಹುದು, ಬಾಗಿಸಬಹುದು. ಪಿಯಾನೊದಲ್ಲಿ ಹಾಗಲ್ಲ. ಒಳಗಿನ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಮಾತು ತೆಗೆದು ಬರೀ ಸ್ವರಗಳನ್ನು ಬಾರಿಸಿದರೆ ಯಾರೋ ಬಾಗಿಲು ಬಡಿದ ಹಾಗೆ ಕೇಳಿಸುತ್ತದೆ. ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸಿ ನೋಡಿದೆವು, ತಾಳವನ್ನು ಏಳು ಮಾತ್ರೆಗೆ ತಿರುಗಿಸಿ ನೋಡಿದೆವು. ಜಾಣತನ ಕಾಣಿಸಿತು, ಹಾಡು ಕಾಣಿಸಲಿಲ್ಲ. ಆ ಹಾಡನ್ನು ಪಕ್ಕಕ್ಕಿಟ್ಟೆವು. ಆಮೇಲೆ ನನ್ನ ಕೈ ಹಾಳಾಯಿತು.

ಈಗ ನಮ್ಮ ಬೇಸ್‌ನವನ ವಿಷಯ. ಹೆಸರು ಹಾಕಬೇಡ ಅಂದಿದ್ದಾನೆ. ಹಾಕಿಲ್ಲ. ಉದ್ದ ಬರೀಬೇಡ ಅಂತಲೂ ಅಂದಿದ್ದ. ಅದನ್ನು ಕೇಳುವುದಿಲ್ಲ.

ಒಂದು ರಾತ್ರಿ ನಾನು ಇಬ್ಬರಿಗೂ ಮೆಸೇಜ್ ಹಾಕಿದ್ದೆ. ಬೇರೆ ಪಿಯಾನೊದವರನ್ನು ಹುಡುಕಿಕೊಳ್ಳಿ, ನನ್ನಿಂದ ಇನ್ನು ಆಗಲ್ಲ ಅಂತ. ಅವತ್ತು ಬೆಳಿಗ್ಗೆ ಡಾಕ್ಟರ್ ನನ್ನ ಬಲಗೈ ಬಗ್ಗೆ ಒಳ್ಳೆಯ ಸುದ್ದಿ ಹೇಳಿರಲಿಲ್ಲ. ಡ್ರಮ್ಮರ್ "ನಾಳೆ ಮಾತಾಡೋಣ" ಅಂತ ಬರೆದ. ಇವನು ಏನೂ ಬರೆಯಲಿಲ್ಲ. ತಡರಾತ್ರಿ ಬಾಗಿಲಲ್ಲಿ ನಿಂತಿದ್ದ, ಆಳೆತ್ತರದ ಬೇಸನ್ನು ತಬ್ಬಿಕೊಂಡು. ಸಮಾಧಾನ ಹೇಳಲು ಬರುವವರು ಯಾರೂ ಅಷ್ಟು ದೊಡ್ಡ ಸಾಮಾನು ಹೊತ್ತು ತರುವುದಿಲ್ಲ. ಅದಕ್ಕೇ ಒಳಗೆ ಬಿಟ್ಟೆ ಅನ್ನಿಸುತ್ತದೆ.

ಅವನು "ಎಲ್ಲಾ ಸರಿಹೋಗುತ್ತೆ" ಅನ್ನಲಿಲ್ಲ. ಫೋನಿನಲ್ಲಿ ಒಂದು ಆಲ್ಬಮ್ ಹಾಕಿದ. 1960ರದ್ದು, ಪಿಯಾನೊ ವಾದಕ ಹೊರೇಸ್ ಪಾರ್ಲನ್ ಅವರ ಟ್ರಿಯೊ. ಪಾರ್ಲನ್‌ಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲಗೈಯ ಶಕ್ತಿ ಸ್ವಲ್ಪ ಮಟ್ಟಿಗೆ ಹೋಗಿತ್ತು. ಆದರೂ ಚಾರ್ಲ್ಸ್ ಮಿಂಗಸ್ 1959ರ ತಮ್ಮ ಆಲ್ಬಮ್ ಒಂದಕ್ಕೆ ಅವರನ್ನೇ ಪಿಯಾನೊಗೆ ಕೂರಿಸಿದ್ದರು. ಮಿಂಗಸ್ ಬೇಸ್ ವಾದಕ, ಹಾಗಾಗಿ ನಮ್ಮವನಿಗೆ ಅವರ ಸುತ್ತ ಇದ್ದವರೆಲ್ಲ ಗೊತ್ತು.

ನನಗೆ ಸಿಟ್ಟು ಬಂತು. ಕೈ ಕೆಟ್ಟವರಿಗೆ ಎಲ್ಲರೂ ಇಂಥದೇ ಕಥೆ ಹೇಳುತ್ತಾರೆ. ಸ್ಟ್ರೋಕ್ ಆಗಿ ಎಡಗೈ ಸೋತರೂ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ವೇದಿಕೆಗೆ ಮರಳಿದರು ಅಂತ ಯಾರೋ ಆಗಲೇ ಹೇಳಿ ಹೋಗಿದ್ದರು. ಎರಡು ಸ್ಟ್ರೋಕ್ ಆದಮೇಲೆ ಇನ್ನೊಬ್ಬ ಪಿಯಾನೊ ವಾದಕ ಕೀತ್ ಜಾರೆಟ್ ಮರಳಲಿಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. "ನನಗೆ ಸ್ಫೂರ್ತಿ ಕಥೆ ಬೇಡ, ಆಫ್ ಮಾಡು" ಅಂತ ಕಿರುಚಿದೆ.

"ಕಥೆ ಯಾರು ಹೇಳಿದ್ರು? ಎಡಗೈ ಎಲ್ಲಿಟ್ಟಿದಾರೆ ಕೇಳು ಅಂದೆ ಅಷ್ಟೇ" ಅಂದ.

ಇದು ಅರ್ಥವಾಗಬೇಕಾದರೆ ಟ್ರಿಯೊದ ಒಂದು ಒಳಗುಟ್ಟು ಗೊತ್ತಿರಬೇಕು. ಬೇಸ್ ಜೊತೆ ನುಡಿಸುವಾಗ ಪಿಯಾನೊದ ಎಡಗೈ ಕೆಳಗಿನ ಸ್ವರಗಳಿಗೆ ಜಾಸ್ತಿ ಇಳಿಯಬಾರದು. ಅದು ಬೇಸ್‌ನ ಜಾಗ. ಇಬ್ಬರೂ ಅಲ್ಲೇ ಗುದ್ದಾಡಿದರೆ ಎಲ್ಲ ಕೆಸರಾಗುತ್ತದೆ. ಹಾಗಾಗಿ ನಾವು ಕಾರ್ಡಿನ ಮೂಲ ಸ್ವರವನ್ನೇ ಬಿಟ್ಟು, ನಡುವಿನ ಎರಡು ಮೂರು ಸ್ವರ ಹಿಡಿದುಕೊಂಡು ತೆಪ್ಪಗಿರುವುದನ್ನು ಎಡಗೈಗೆ ಕಲಿಸುತ್ತೇವೆ. ನನ್ನ ಎಡಗೈ ವರ್ಷಗಟ್ಟಲೆ ಕಲಿತದ್ದು ಅದನ್ನೇ. ಬಲಗೈ ಹೋದಮೇಲೆ ನನ್ನ ಹತ್ತಿರ ಏನೂ ಉಳಿದಿಲ್ಲ ಅನ್ನಿಸಿದ್ದೂ ಅದಕ್ಕೇ.

ಅವನು ಬೇಸ್ ನಿಲ್ಲಿಸಿಕೊಂಡು, ಅಕ್ಕಪಕ್ಕದವರು ಮಲಗಿದ್ದಾರೆ ಅಂತ ತಂತಿಗಳ ಕೆಳಗಿನ ಬ್ರಿಜ್‌ಗೆ ಸದ್ದು ತಗ್ಗಿಸುವ ಮ್ಯೂಟ್ ಹಾಕಿ, ಅದೇ ಕೆಲಸ ಮಾಡುವ ನನ್ನ ಪಿಯಾನೊದ ನಡುವಿನ ಪೆಡಲನ್ನೂ ಒತ್ತಿಟ್ಟ. "ಕೆಳಗಡೆ ಪೂರ್ತಿ ನಿಂದು. ನಾನು ಅಲ್ಲಿಗೆ ಬರಲ್ಲ" ಅಂದ. ಆಮೇಲೆ ಬಿಲ್ಲು ತೆಗೆದು, ಹೆಬ್ಬೆರಳನ್ನು ತಂತಿಯ ಮೇಲೆ ಒತ್ತಿ ನುಡಿಸುವ ಆ ಮೇಲಿನ ಜಾಗಕ್ಕೆ ಹೋಗಿ, ನಾವು ಪಕ್ಕಕ್ಕಿಟ್ಟಿದ್ದ ಹಾಡನ್ನು ಶುರು ಮಾಡಿದ. ಅದೇ ಒಂದೇ ಸ್ವರ, ಮತ್ತೆ ಮತ್ತೆ. ಆದರೆ ಬಿಲ್ಲಿನಲ್ಲಿ ಸ್ವರ ಸಾಯುವುದಿಲ್ಲ. ಉಬ್ಬುತ್ತದೆ, ಇಳಿಯುತ್ತದೆ, ಮುಂದಿನದಕ್ಕೆ ಜಾರುತ್ತದೆ. ಬೇಸ್ ಹಾಡುತ್ತಿತ್ತು. ನಾನು ಎಡಗೈಯಿಂದ ಅವನ ಕೆಲಸ ಮಾಡುತ್ತಿದ್ದೆ.

ಚೆನ್ನಾಗಿ ಬಂತಾ? ಇಲ್ಲ. ನಡುವೆ ಎಲ್ಲೋ ನಿಲ್ಲಿಸಿ ಅತ್ತೆ. ಚೆನ್ನಾಗಿ ಅತ್ತೆ. "ಬಲಗೈ ಬರದೇ ಹೋದ್ರೆ?" ಅಂತ ಕೇಳಿದೆ. ಅವತ್ತಿನವರೆಗೆ ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಕೇಳಿರಲಿಲ್ಲ. ಅವನು ಬಿಲ್ಲಿಗೆ ರಾಳ ಉಜ್ಜುತ್ತಾ ಸ್ವಲ್ಪ ಹೊತ್ತು ಯೋಚಿಸಿದ. "ಬರದಿದ್ರೆ ಬರಲ್ಲ. ಮೊದಲಿಂದ ತಗೊಳ್ಳೋಣ" ಅಂದ. ಬೆಳಗಾಗುವವರೆಗೆ ಇದ್ದ.

ಮಾರಾಯ, ಇದನ್ನು ನೀನು ಓದುತ್ತೀಯ ಅಂತ ಗೊತ್ತು. ಆ ತಿಂಗಳುಗಳಲ್ಲಿ ನೀನು ಬಿಟ್ಟ ಕಾರ್ಯಕ್ರಮಗಳ ವಿಷಯ ನನಗೆ ಬೇರೆಯವರಿಂದ ತಿಳಿಯಿತು. ಒಳ್ಳೆಯ ಬೇಸ್‌ನವರಿಗೆ ಎಲ್ಲ ಕಡೆಯಿಂದಲೂ ಕರೆ ಬರುತ್ತಲೇ ಇರುತ್ತದೆ. ನೀನು "ಆ ದಿನ ರಿಹರ್ಸಲ್ ಇದೆ" ಅನ್ನುತ್ತಿದ್ದೆಯಂತೆ. ರಿಹರ್ಸಲ್ ಅಂದರೆ ಒಂಟಿ ಕೈಯವರ ಜೊತೆ ಒಂದೇ ಹಾಡು. ನನಗೆ ಗೊತ್ತಾದ ದಿನ ಜಗಳ ಆಡಬೇಕು ಅನ್ನಿಸಿತ್ತು. ಆಡಲಿಲ್ಲ. ಆ ದುಡ್ಡಿನ ಲೆಕ್ಕ ತೀರಿಸಲು ನನ್ನಿಂದ ಆಗುವುದಿಲ್ಲ, ಅದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಆ ಹಾಡೇ ಆಲ್ಬಮ್‌ನ ಮೂರನೇ ಟ್ರ್ಯಾಕ್. ಸ್ಟುಡಿಯೊಗೆ ಹೋಗುವ ಹೊತ್ತಿಗೆ ಬಲಗೈ ಮರಳಿತ್ತು. ಕೊನೆಯ ಸುತ್ತಿನಲ್ಲಿ ಅದನ್ನೂ ಸೇರಿಸೋಣ ಅಂತ ನನಗೆ ಆಸೆ. ಒಂದು ಟೇಕ್ ಹಾಗೇ ನುಡಿಸಿದೆವು. ಕೇಳಿದಾಗ ಮೂವರಿಗೂ ಗೊತ್ತಾಯಿತು, ಅಲ್ಲಿ ಯಾರೋ ಹೊರಗಿನವರು ಬಂದು ಕೂತ ಹಾಗಿತ್ತು. ತೆಗೆದುಹಾಕಿದೆವು. ಈಗ ಆ ಟ್ರ್ಯಾಕ್ ಪೂರ್ತಿ ಬಲಗೈ ನನ್ನ ತೊಡೆಯ ಮೇಲಿದೆ. "ಪಿಯಾನೊ ಎಷ್ಟು ಸಂಯಮದಿಂದ ನುಡಿಸಿದ್ದೀರಿ" ಅಂತ ಒಬ್ಬರು ಬರೆದಿದ್ದರು. ಸಂಯಮ ಅಲ್ಲ ಸ್ವಾಮಿ, ಒಂದೇ ಕೈ!

ನಮ್ಮ ಸ್ವಂತ ರಚನೆಗಳಿಗೂ ಆ ರಾತ್ರಿಯ ಗಾಳಿ ತಗುಲಿದೆ. ಮೊದಲು ನಾನು ಬರೆಯುವಾಗ ಪಿಯಾನೊಗೆ ಹಾಡು, ಬೇಸ್‌ಗೆ ನಡಿಗೆ, ಡ್ರಮ್ಸ್‌ಗೆ ತಾಳ ಅಂತ ಹಂಚಿ ಕೊಟ್ಟುಬಿಡುತ್ತಿದ್ದೆ. ಈಗ ಒಬ್ಬೊಬ್ಬರ ಹೆಸರು ಬರೆಯದೆ ಬರೀ ಸ್ವರಗಳನ್ನು ತಗೊಂಡು ಹೋಗುತ್ತೇನೆ. ಯಾರಿಗೆ ಯಾವುದು ಅನ್ನುವುದು ರಿಹರ್ಸಲ್‌ನಲ್ಲಿ ತೀರ್ಮಾನವಾಗುತ್ತದೆ. ಕೊನೆಯ ಟ್ರ್ಯಾಕ್ ಅವನೇ ಬರೆದದ್ದು. ಆಶ್ಚರ್ಯ ಅಂದರೆ ಅದರಲ್ಲಿ ಬೇಸ್‌ಗೆ ಬಹಳ ಕಡಿಮೆ ಕೆಲಸ ಇದೆ.

ಮುಂದಿನ ಕಾರ್ಯಕ್ರಮಗಳಲ್ಲಿ ಮೂರನೇ ಟ್ರ್ಯಾಕ್ ಖಂಡಿತ ನುಡಿಸುತ್ತೇವೆ. ಬರುವವರಲ್ಲಿ ಒಂದು ಕೋರಿಕೆ. ಬೇಸ್ ಸೊಲೊ, ಅಂದರೆ ಬೇಸ್ ಮುಂದೆ ನಿಂತು ನುಡಿಸುವ ಭಾಗ, ಶುರುವಾದ ಕೂಡಲೇ ಜನ ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ. ಜಾಝ್‌ನವರ ಹಳೇ ಜೋಕು ಇದು, ಹಳೇ ನೋವು ಕೂಡ. ದಯವಿಟ್ಟು ಹಾಗೆ ಮಾಡಬೇಡಿ. ಮಾತಾಡಲೇಬೇಕು ಅಂತಿದ್ದರೆ ನನ್ನ ಸೊಲೊ ಬರುವಾಗ ಮಾತಾಡಿಕೊಳ್ಳಿ.